ಶರಾವತಿ ಹಿನ್ನೀರಿನ ದಡ ಹಿಡಿದು ನಡೆಯುವವರಿಗೆ

ಶಿವಮೊಗ್ಗ ಜಿಲ್ಲೆಯಲ್ಲಿ ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಿನ್ನೀರಿನ ಅಂಚಿನಲ್ಲಿ ನಡೆಯಲು ಹೊರಡುವವರು ಈ ಒಂದು ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಉಳಿದ ಲೆಕ್ಕವೆಲ್ಲ ಅಲ್ಲಿಂದಲೇ ಶುರು. ಬೆಟ್ಟ ಹತ್ತುವ ದಾರಿ ಹೋದ ವರ್ಷ ಎಲ್ಲಿತ್ತೋ ಈ ವರ್ಷವೂ ಅಲ್ಲೇ ಇರುತ್ತದೆ. ಹಿನ್ನೀರಿನ ದಡದ ದಾರಿ ಹಾಗಲ್ಲ. ಅಕ್ಟೋಬರಿನಲ್ಲಿ ಆಳುದ್ದ ನೀರು ನಿಂತಿದ್ದ ಕಡೆ ಫೆಬ್ರವರಿಯಲ್ಲಿ ದನ ಮೇಯುತ್ತಿರುತ್ತವೆ, ಮೇ ತಿಂಗಳಲ್ಲಿ ಹಳೆಯ ಕಾಲದ ಗಾಡಿದಾರಿಯೇ ಎದ್ದು ಕಾಣುತ್ತದೆ. ಯಾರೋ ನಡೆದು ಬಂದು ಹಂಚಿಕೊಂಡ ಜಿಪಿಎಸ್ ಗೆರೆಯನ್ನು ನಂಬಿ ಹೋದವರು ಸೊಂಟಮಟ್ಟ ನೀರಿನ ಮುಂದೆ ನಿಂತುಬಿಡುವುದು ಇದೇ ಕಾರಣಕ್ಕೆ. ಗೆರೆ ತಪ್ಪಾಗಿರುವುದಿಲ್ಲ, ಅದು ಬೇರೆ ಮಟ್ಟದ ಗೆರೆಯಾಗಿರುತ್ತದೆ.

ಜಲಾಶಯದ ಮಟ್ಟ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುತ್ತದೆ. ಅದನ್ನು 1819ರಿಂದ ಕಳೆಯಿರಿ. ಮಟ್ಟ 1800 ಅಡಿ ಇದ್ದರೆ ನೀರು ತುಂಬಿದ ಗೆರೆಗಿಂತ 19 ಅಡಿ ಕೆಳಗಿದೆ. ಈ 19 ಅಡಿಯಿಂದ ಎಷ್ಟು ದಡ ತೆರೆದುಕೊಂಡಿದೆ ಎಂಬುದು ಇಳಿಜಾರನ್ನು ಅವಲಂಬಿಸಿದೆ. 30 ಅಡಿ ನಡೆದರೆ ಒಂದು ಅಡಿ ಇಳಿಯುವಂಥ ಸಪಾಟು ಜಾಗದಲ್ಲಿ, ಅಂದರೆ ಹಿಂದೆ ಗದ್ದೆಬಯಲು ಇದ್ದ ಕಡೆ, 570 ಅಡಿ, ಸುಮಾರು 170 ಮೀಟರ್ ಅಗಲದ ನೆಲ ಹೊರಗೆ ಬಂದಿರುತ್ತದೆ. ನಾಲ್ಕಡಿಗೆ ಒಂದಡಿ ಇಳಿಯುವ ಗುಡ್ಡದ ಮಗ್ಗುಲಲ್ಲಿ ಬರೀ 76 ಅಡಿ. ಮೊದಲನೆಯ ಕಡೆ ಆರಾಮಾಗಿ ನಡೆಯಬಹುದು, ಆದರೆ ಹೂಳಿನ ಭಯ ಹೆಚ್ಚು. ಎರಡನೆಯ ಕಡೆ ಹೂಳು ನಿಲ್ಲುವುದಿಲ್ಲ, ಜಾರುವ ಭಯ ಹೆಚ್ಚು. ಹೊರಡುವ ಮೊದಲು ನಿಮ್ಮ ದಾರಿಯಲ್ಲಿ ಇವೆರಡರಲ್ಲಿ ಯಾವುದು ಜಾಸ್ತಿ ಎಂದು ತಿಳಿದುಕೊಳ್ಳಿ.

ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬುವುದೇ ಇಲ್ಲ. ಹಾಗಾಗಿ ‘ಜನವರಿಯಲ್ಲಿ ಹೀಗಿರುತ್ತದೆ’ ಎಂದು ತಿಂಗಳನ್ನು ನೆಚ್ಚಿಕೊಳ್ಳುವುದಕ್ಕಿಂತ ಮಟ್ಟವನ್ನು ನೆಚ್ಚಿಕೊಳ್ಳುವುದು ಮೇಲು. ಪ್ರತಿ ಸಲ ನಡೆದು ಬಂದ ಮೇಲೆ ಆ ದಿನದ ಮಟ್ಟ, ಎಲ್ಲಿಂದ ಎಲ್ಲಿಗೆ ನಡೆದಿರಿ, ಯಾವ ಹಳ್ಳ ದಾಟಲಾಗಲಿಲ್ಲ ಎಂದು ಬರೆದಿಟ್ಟುಕೊಳ್ಳಿ. ಇನ್ನೊಂದು ವರ್ಷ ಅದೇ ಮಟ್ಟ ಬಂದಾಗ ಆ ಟಿಪ್ಪಣಿ ಯಾವ ನಕ್ಷೆಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಯಾವಾಗ ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಆಗ ನೀರು ಏರುತ್ತಿರುತ್ತದೆ. ಜೋರು ಮಳೆ ಹಿಡಿದರೆ ಒಂದೇ ದಿನದಲ್ಲಿ ಅಡಿಗಟ್ಟಲೆ ಏರುವುದುಂಟು. ಬೆಳಿಗ್ಗೆ ದಾಟಿದ ಹಳ್ಳ ಸಂಜೆಗೆ ದಾಟಲು ಬಿಡುವುದಿಲ್ಲ. ಅಕ್ಟೋಬರ್, ನವೆಂಬರ್ ಮೊದಲರ್ಧದಲ್ಲಿ ಕೆರೆ ತುಂಬಿ ಕಾಡಿನ ಅಂಚಿಗೇ ಬಂದು ನಿಂತಿರುತ್ತದೆ. ನೋಡಲು ಅದಕ್ಕಿಂತ ಚಂದದ ಕಾಲ ಇಲ್ಲ, ಆದರೆ ನಡೆಯಲು ದಡವೇ ಇರುವುದಿಲ್ಲ. ಕಾನಿನೊಳಗೆ, ಅಕೇಶಿಯಾ ನೆಡುತೋಪಿನೊಳಗೆ ನುಸುಳಿ ಹೋಗಬೇಕು, ಉಂಬಳ (ಕಾಡಿನ ಜಿಗಣೆ) ಇನ್ನೂ ಇರುತ್ತವೆ.

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಕಾಲ ಒಳ್ಳೆಯದು. ನೀರು ನಿಧಾನಕ್ಕೆ ಇಳಿಯುತ್ತಾ ಮೇಲಿನ ದಡ ಒಣಗಿ ಗಟ್ಟಿಯಾಗಿರುತ್ತದೆ, ಎಳೆ ಹುಲ್ಲು ಚಿಗುರಿರುತ್ತದೆ, ಬಿಸಿಲು ಸಹಿಸುವಂತಿರುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನೀರಿನ ಮೇಲೆ ಮಂಜು ಕವಿದಿರುತ್ತದೆ. ಎಂಟೂವರೆ, ಒಂಬತ್ತರವರೆಗೆ ಎದುರು ದಡವೇ ಕಾಣದು. ಅಷ್ಟು ಹೊತ್ತು ಕಾಯಿರಿ, ಮಂಜಿನಲ್ಲಿ ನಡೆದರೆ ದಿಕ್ಕು ತಪ್ಪುವುದು ಖಂಡಿತ.

ಮಾರ್ಚ್‌ನಿಂದ ಮೇವರೆಗೆ ದಡ ವಿಶಾಲವಾಗಿರುತ್ತದೆ, ನೆರಳು ಒಂದು ಚೂರೂ ಇರುವುದಿಲ್ಲ. ನೀರು ತೀರಾ ಇಳಿದ ವರ್ಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಹೊರಗೆ ಬರುತ್ತದೆ. 1948ರಲ್ಲಿ ಮುಗಿದ ಆ ಕಟ್ಟೆ, 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ತಾನೇ ಮುಳುಗಡೆಯಾಯಿತು. ಅದನ್ನು ನೋಡುವ ಆಸೆಗೇ ಬೇಸಿಗೆಯಲ್ಲಿ ಹೋಗುವವರು ಬಹಳ. ಹೋಗಬಹುದು, ಆದರೆ ಬೆಳಿಗ್ಗೆ ಆರೂವರೆಗೆ ಹೊರಟು ಹತ್ತೂವರೆಯೊಳಗೆ ನೆರಳು ಸೇರುವ ಹಾಗೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದರಿಂದ ಅದಕ್ಕೂ ಇದೇ ವೇಳೆ ಸರಿ. ಬಯಲು ದಡದಲ್ಲಿ ಸಿಡಿಲಿಗೆ ಎದ್ದು ನಿಂತ ಗುರಿ ಅಂದರೆ ನೀವೇ. ಮಿಂಚು ಕಂಡು ಗುಡುಗು ಕೇಳುವ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ 30ಕ್ಕಿಂತ ಕಡಿಮೆಯಾದರೆ ದಡ ಬಿಟ್ಟು ಮನೆ ಅಥವಾ ವಾಹನ ಸೇರಿಕೊಳ್ಳಿ. ಒಂಟಿ ಮರದ ಬುಡಕ್ಕೆ ಮಾತ್ರ ಹೋಗಬೇಡಿ.

ಎಲ್ಲಿ ನಡೆಯಬಹುದು, ಎಲ್ಲಿ ಕೂಡದು

ಹಿನ್ನೀರಿನ ದಡದ ಸಾಕಷ್ಟು ಭಾಗ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ. 1972ರಲ್ಲಿ ಘೋಷಣೆಯಾದ ಇದು 2019ರಲ್ಲಿ ಸಿಂಗಳೀಕ ಅಭಯಾರಣ್ಯವಾಗಿ ಇನ್ನಷ್ಟು ವಿಸ್ತಾರವಾಯಿತು. ಅದರೊಳಗೆ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ. ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮುಂಚಿತವಾಗಿ ಕೇಳಿ, ಎಲ್ಲಿಂದ ಎಲ್ಲಿಗೆ ನಡೆಯುತ್ತೀರಿ ಎಂಬುದನ್ನು ಊರ ಹೆಸರುಗಳೊಂದಿಗೆ ಹೇಳಿ. ಇಲಾಖೆ ಚಾರಣಕ್ಕೆಂದೇ ತೆರೆದಿರುವ ದಾರಿಗಳಿಗೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಸಿಗುತ್ತದೆ. ಅಣೆಕಟ್ಟೆಯ ಪ್ರದೇಶ ವಿದ್ಯುತ್ ನಿಗಮದ್ದು, ಅಲ್ಲಿಗೆ ಬೇರೆಯೇ ಅನುಮತಿ ಬೇಕು. ಕಟ್ಟೆಯ ಕೆಳಗಿನ ಹೊಳೆಪಾತ್ರಕ್ಕಂತೂ ಇಳಿಯಲೇಬೇಡಿ, ಮೇಲೆ ಗೇಟು ತೆಗೆದದ್ದು ಕೆಳಗೆ ನೀರು ಬಂದ ಮೇಲೆಯೇ ಗೊತ್ತಾಗುವುದು.

ಮೊದಲ ಸಲ ಹೋಗುವವರು ಊರಿಗೆ ಅಂಟಿಕೊಂಡ ದಡವನ್ನೇ ಆರಿಸಿಕೊಳ್ಳಿ. ಸಾಗರದಿಂದ ಆವಿನಹಳ್ಳಿ ಮೇಲಾಗಿ ಹೊಳೆಬಾಗಿಲು, ಅಂಬಾರಗೋಡ್ಲು ಕಡೆಗೆ ಬಸ್ಸಿದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆಚೆ ದಡದ ಕಳಸವಳ್ಳಿ, ತುಮರಿ ಸೀಮೆಗೆ ಲಾಂಚ್ ಕಾಯದೆ ಹೋಗಬಹುದು. ರೈಲಿನಲ್ಲಿ ಬರುವವರು ಕೊನೆಯ ನಿಲ್ದಾಣ ತಾಳಗುಪ್ಪದಲ್ಲಿ ಇಳಿದರೆ ಹೊನ್ನೆಮರಡು ಹತ್ತಿರ. ಅಲ್ಲಿ ದೋಣಿ, ನಡುಗಡ್ಡೆ ಎಲ್ಲ ಇದೆ, ಮುಂಚೆಯೇ ಕೇಳಿಕೊಂಡು ಹೋಗಬೇಕು. ಕಾರ್ಗಲ್ ಕಡೆಯ ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಕಾಡೂ ನೀರೂ ಒಟ್ಟಿಗೆ ಬೇಕೆನ್ನುವವರಿಗೆ ಅದು ಸರಿ.

ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಿನ್ನೀರನ್ನು ಬಿಟ್ಟು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೋಗಿ ಎನ್ನುತ್ತೇವೆ. ಬುಡದಲ್ಲಿ ತಿಮ್ಮಣ್ಣನಾಯಕನ ಕೆರೆ, ಅಲ್ಲಿಂದ ಮುಂದೆ ಗದ್ದೆ ದಾಟಿದರೆ ಕಲ್ಲು ಹಾಸಿದ ಕೋಟೆದಾರಿ. ದಾರಿ ಸ್ಪಷ್ಟ, ಮೇಲೆಯೂ ಕೊಳಗಳಿವೆ. ಮಳೆಗಾಲದಲ್ಲಿ ಆ ಹಾಸುಗಲ್ಲು ಪಾಚಿ ಕಟ್ಟಿ ಜಾರುತ್ತದೆ, ಅಷ್ಟು ಎಚ್ಚರ ಸಾಕು.

ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಅಂಚಿನಲ್ಲಿ ನಡೆಯುವ ಯೋಚನೆ ಬೇಡ. ಅದು ಹುಲಿ ಸಂರಕ್ಷಿತ ಪ್ರದೇಶ. ಬೇಸಿಗೆಯಲ್ಲಿ ನೀರಿಳಿದಾಗ ತೆರೆದುಕೊಳ್ಳುವ ಅಲ್ಲಿನ ನಡುಗಡ್ಡೆಗಳ ಮೇಲೆ ನದಿ ರೀವ ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ. ಶರಾವತಿ ದಡದಲ್ಲೂ ಟಿಟ್ಟಿಭ ಕೂಗುತ್ತಾ ತಲೆಯ ಮೇಲೆಯೇ ಸುತ್ತತೊಡಗಿದರೆ ಹತ್ತಿರದಲ್ಲೆಲ್ಲೋ ಅದರ ಮೊಟ್ಟೆ ಇದೆ ಎಂದರ್ಥ. ಮೊಟ್ಟೆಯ ಬಣ್ಣ ಜಲ್ಲಿಕಲ್ಲಿನದೇ, ಕಣ್ಣಿಗೆ ಬೀಳುವುದಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ದೂರದಿಂದ ಸುತ್ತಿ ಹೋಗಿ.

ದೂರದ ಲೆಕ್ಕ

ಇಲ್ಲಿ ಎಲ್ಲರೂ ತಪ್ಪುತ್ತಾರೆ. ನದಿ ಕಣಿವೆಗೆ ನೀರು ತುಂಬಿದಾಗ ಅದಕ್ಕೆ ಸೇರುತ್ತಿದ್ದ ಪ್ರತಿ ಹಳ್ಳದ ಕಣಿವೆಯೊಳಗೂ ನೀರು ನುಗ್ಗಿ ನಿಂತಿದೆ. ಎದುರಿಗೆ ಕಾಣುವ ದಿಬ್ಬ 300 ಮೀಟರ್ ದೂರ ಇರಬಹುದು, ನಡುವಿನ ಹಳ್ಳದ ಬಾಯಿಯನ್ನು ಸುತ್ತಿ ಹೋದರೆ ಎರಡು ಕಿಲೋಮೀಟರ್. ನೇರ ಗೆರೆಯ ದೂರವನ್ನು ಮೂರರಿಂದ ಗುಣಿಸಿ, ಅದೇ ನಿಮ್ಮ ನಡಿಗೆ. ವೇಗವೂ ರಸ್ತೆಯ ಲೆಕ್ಕದಲ್ಲಿ ಬರುವುದಿಲ್ಲ. ರಸ್ತೆಯಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುವವರು ದಡದಲ್ಲಿ ಎರಡು, ಹೆಚ್ಚೆಂದರೆ ಎರಡೂವರೆ ನಡೆದಾರು. ದಿನಕ್ಕೆ ಎಂಟು ಕಿಲೋಮೀಟರ್ ಇಟ್ಟುಕೊಂಡರೆ ನಾಲ್ಕು ಗಂಟೆ ನಡಿಗೆ, ಒಂದೂವರೆ ಗಂಟೆ ವಿಶ್ರಾಂತಿ. ಇಷ್ಟು ಸಾಕು.

ದಾರಿ ಗುರುತು ಹಾಕಿಕೊಳ್ಳುವಾಗ ಉಪಗ್ರಹ ಚಿತ್ರ ಯಾವ ತಿಂಗಳಿನದು ಎಂದು ನೋಡಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ದಿನಾಂಕಗಳ ಚಿತ್ರಗಳೂ ಸಿಗುತ್ತವೆ. ತುಂಬಿದ ಕಾಲದ್ದೊಂದು, ಬತ್ತಿದ ಕಾಲದ್ದೊಂದು ಇಟ್ಟುಕೊಂಡು, ಎರಡರಲ್ಲೂ ಒಣಗಿ ಕಾಣುವ ನೆಲದ ಮೇಲೆ ದಾರಿ ಎಳೆಯಿರಿ. ಮೂತಿಯಂತೆ ನೀರೊಳಗೆ ಚಾಚಿದ ದಿಬ್ಬಗಳನ್ನು ಪೂರಾ ಸುತ್ತಬೇಕಿಲ್ಲ, ಅವುಗಳ ಕುತ್ತಿಗೆಯ ಬಳಿ ಅಡ್ಡ ದಾಟಿದರೆ ಅರ್ಧ ಗಂಟೆ ಉಳಿಯುತ್ತದೆ.

ದಿಕ್ಕಿಗೆ ಕೊಡಚಾದ್ರಿ ಇದೆ. 1343 ಮೀಟರ್ ಎತ್ತರದ ಆ ಶಿಖರ ಸಿಗಂದೂರು, ತುಮರಿ ಭಾಗದಿಂದ ದಕ್ಷಿಣಕ್ಕೆ ಬರುತ್ತದೆ. ನಡುಗಡ್ಡೆ, ದಿಬ್ಬ, ಹಳ್ಳದ ಬಾಯಿ ಎಲ್ಲ ಒಂದೇ ಥರ ಕಾಣುವ ಈ ನೀರಿನಲ್ಲಿ ಅದೊಂದೇ ಬದಲಾಗದ ಗುರುತು. ನೆಟ್‌ವರ್ಕ್ ಬಹಳ ಕಡೆ ಸಿಗುವುದಿಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೊರಗೆ ಬರುತ್ತೀರಿ, ಬಾರದಿದ್ದರೆ ಎಷ್ಟು ಹೊತ್ತು ಕಾದು 112ಕ್ಕೆ ಕರೆ ಮಾಡಬೇಕು ಎಂದು ಮನೆಯವರಿಗೆ ಬರೆದುಕೊಟ್ಟು ಬನ್ನಿ. ಇಟ್ಟುಕೊಂಡ ಸಮಯದಲ್ಲಿ ಅರ್ಧ ಮುಗಿದಾಗ ಎಲ್ಲಿದ್ದೀರೋ ಅಲ್ಲಿಂದ ಹಿಂದಿರುಗಿ, ಗುರಿ ಇನ್ನೂರು ಮೀಟರ್ ಮುಂದೆ ಕಾಣುತ್ತಿದ್ದರೂ ಸರಿ.

ದಡವನ್ನು ಓದುವುದು

ನೀರಿಳಿದ ದಡದಲ್ಲಿ ಮೇಲಿನಿಂದ ಕೆಳಕ್ಕೆ ನಾಲ್ಕು ಪಟ್ಟಿಗಳು ಕಾಣುತ್ತವೆ. ಮೇಲೆ, ಗಿಡಗಂಟಿ ಗೆರೆ ಎಳೆದಂತೆ ನಿಂತುಹೋದ ಜಾಗ 1819ರ ಗೆರೆ. ಅದರ ಕೆಳಗೆ ಹುಲ್ಲಿನ ಪಟ್ಟಿ, ತಿಂಗಳುಗಟ್ಟಲೆ ಒಣಗಿ ಬೇರು ಹಿಡಿದ ನೆಲ. ಆಮೇಲೆ ಬಿರುಕು ಬಿಟ್ಟ ಮಣ್ಣು. ಕೊನೆಗೆ ನೀರಿಗೆ ತಾಗಿಕೊಂಡು ಕಪ್ಪಗೆ ಹೊಳೆಯುವ ಹಸಿ ಅರಲು. ನಡೆಯಬೇಕಾದ್ದು ಹುಲ್ಲಿನ ಪಟ್ಟಿಯಲ್ಲಿ. ಬಿರುಕು ಮಣ್ಣಿನ ಮೇಲೆ ಪರೀಕ್ಷೆ ಮಾಡಿ ಹೋಗಬಹುದು. ಕೊನೆಯ ಪಟ್ಟಿಗೆ ಕಾಲಿಡಬಾರದು, ಫೋಟೋಕ್ಕೂ ಸಹ.

ಬಿರುಕಿನೊಳಗೆ ಬೆರಳು ಪೂರ್ತಿ ಇಳಿಯುವಷ್ಟು ಆಳವಿದ್ದು, ಹೆಂಟೆ ತುಳಿದಾಗ ಅಲುಗದಿದ್ದರೆ ನೆಲ ಒಣಗಿದೆ. ಬಿರುಕು ತೆಳ್ಳಗಿದ್ದು ಮೇಲೆ ಹಪ್ಪಳದಂಥ ಪದರ ಮಾತ್ರ ಇದ್ದರೆ ಕೆಳಗೆ ಇನ್ನೂ ಗಂಜಿ ಇದೆ. ದನದ ಹೆಜ್ಜೆ ನೋಡುವುದು ಇದಕ್ಕಿಂತ ಸುಲಭದ ದಾರಿ. ದನದ ಭಾರ ನಾಲ್ಕು ಸಣ್ಣ ಗೊರಸಿನ ಮೇಲೆ ಬೀಳುತ್ತದೆ, ನಮ್ಮ ಪಾದಕ್ಕಿಂತ ಅದು ನೆಲವನ್ನು ಹೆಚ್ಚು ಒತ್ತುತ್ತದೆ. ಹಾಗಾಗಿ ಗೊರಸು ಬೆರಳಿನಷ್ಟೂ ಹೂತಿಲ್ಲದ ಕಡೆ ನೀವೂ ಹೂತುಹೋಗುವುದಿಲ್ಲ. ಹೆಜ್ಜೆಗುರುತು ಗೇಣುದ್ದ ಇಳಿದಿದ್ದರೆ ಮೇಲೆ ಸರಿಯಿರಿ. ಸಪಾಟಾದ ಜಾಗದಲ್ಲೂ ದನ ಹೆಜ್ಜೆ ಇಟ್ಟೇ ಇಲ್ಲ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಹೂಳು ಅತಿ ಹೆಚ್ಚು ಇರುವುದು ಹಳ್ಳದ ಬಾಯಿಯ ತುದಿಯಲ್ಲಿ. ಮಳೆಗಾಲದಲ್ಲಿ ಹಳ್ಳ ರಭಸದಿಂದ ತಂದ ನಯ ಮಣ್ಣು, ನಿಂತ ನೀರು ಸಿಕ್ಕಿದ ಕೂಡಲೇ ಅಲ್ಲಿಯೇ ಇಳಿದುಬಿಡುತ್ತದೆ. ದೂರ ಉಳಿಯಲಿ ಎಂದು ನೀರಿನ ತುದಿಗೇ ದಾಟಲು ಹೋಗುವವರು ಸಿಕ್ಕಿಬೀಳುವುದು ಇಲ್ಲೇ. ನೀರು ಮುಗಿಯುವಲ್ಲಿಂದ ನೂರಿನ್ನೂರು ಮೀಟರ್ ಹಳ್ಳದಗುಂಟ ಮೇಲಕ್ಕೆ ಹೋಗಿ, ಕಲ್ಲು ಕಾಣುವ ಕಡೆ ಅಥವಾ ಊರವರು ಹಾಕಿದ ಸಂಕದ (ಕಾಲುಸೇತುವೆ) ಮೇಲೆ ದಾಟಿ. ಅಡಿಕೆ ದಬ್ಬೆಯ ಸಂಕವಾದರೆ ಒಬ್ಬೊಬ್ಬರಾಗಿ ಹೋಗಿ, ಕಳೆದ ಮಳೆಗಾಲ ಕಳೆದದ್ದೋ ಹೊಸದೋ ನೋಡಿ.

ಐದಡಿ ಬಿದಿರು ಕೋಲಿಗೆ ಗೇಣಿಗೊಂದು ಗೀರು ಹಾಕಿಟ್ಟುಕೊಳ್ಳಿ. ಮುಂದಿರುವವರು ಪ್ರತಿ ಅನುಮಾನದ ಹೆಜ್ಜೆಗೂ ಮೈಭಾರ ಬಿಟ್ಟು ಕೋಲು ಊರಬೇಕು. ಒಂದು ಗೇಣಿಗಿಂತ ಹೆಚ್ಚು ಇಳಿದರೆ ಅತ್ತ ಹೋಗಬಾರದು. ಹಿಂದಿನವರು ಮೂರು ಮೀಟರ್ ಅಂತರ ಬಿಟ್ಟಿರಬೇಕು, ಇಬ್ಬರು ಒಟ್ಟಿಗೆ ಸಿಕ್ಕಿಕೊಳ್ಳಬಾರದು ಎಂದು.

ಸಿಕ್ಕಿಬಿದ್ದರೆ ಏನು ಮಾಡಬೇಕು ಎಂಬುದನ್ನು ಹೊರಡುವ ಮೊದಲೇ ಎಲ್ಲರೂ ತಿಳಿದಿರಬೇಕು. ಕಾಲನ್ನು ನೇರ ಮೇಲಕ್ಕೆ ಕಿತ್ತರೆ ಪಾದದ ಕೆಳಗೆ ಗಾಳಿಯೂ ನೀರೂ ಇಲ್ಲದ ಟೊಳ್ಳು ಉಂಟಾಗಿ ಮಣ್ಣು ಹೀರಿ ಹಿಡಿಯುತ್ತದೆ. ಒಂದು ಕಾಲು ಎತ್ತಲು ಇನ್ನೊಂದನ್ನು ಒತ್ತಿದಂತೆ ಅದು ಇನ್ನಷ್ಟು ಇಳಿಯುತ್ತದೆ. ಹಾಗಾಗಿ ಮೊದಲು ನಿಲ್ಲಿ. ಬ್ಯಾಗನ್ನು ಬಿಚ್ಚಿ ಹಿಂದೆ ಹಾಕಿ ಅದರ ಮೇಲೆ ಕೂರಿ, ಬೇಕಾದರೆ ಬೆನ್ನ ಮೇಲೆ ಒರಗಿಬಿಡಿ. ಭಾರ ಹರಡಿದರೆ ಮುಳುಗುವುದು ನಿಲ್ಲುತ್ತದೆ. ಆಮೇಲೆ ಪಾದವನ್ನು ಆಚೀಚೆ ಸಣ್ಣಗೆ ಅಲ್ಲಾಡಿಸುತ್ತಾ ಸುತ್ತ ನೀರು ಇಳಿಯಲು ಬಿಟ್ಟು ನಿಧಾನ ಎಳೆದುಕೊಳ್ಳಿ. ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಬಂದ ದಿಕ್ಕಿಗೇ ಹೊಟ್ಟೆಯ ಮೇಲೆ ತೆವಳಿ ಹೊರಬನ್ನಿ. ಉಳಿದವರು ಗಟ್ಟಿ ನೆಲದ ಮೇಲೇ ನಿಂತು ಕೋಲು ಅಥವಾ ಹಗ್ಗ ಕೊಡಬೇಕು, ಹತ್ತಿರ ಹೋಗಬಾರದು. ಹತ್ತು ಮೀಟರ್ ಹಗ್ಗ ಗುಂಪಿಗೊಂದು ಇರಲೇಬೇಕು.

ಕಡಿದಾದ ದಡದಲ್ಲಿ ಇನ್ನೊಂದು ತೊಂದರೆ. ಅಲೆ ಮೇಲ್ಮಣ್ಣನ್ನು ತೊಳೆದು ಹೋಗಿ ಜಂಬಿಟ್ಟಿಗೆಯ ಉರುಟು ಹರಳು ಮಾತ್ರ ಉಳಿದಿರುತ್ತದೆ. ಕೆಳಗೆ ಗಟ್ಟಿ ನೆಲ, ಮೇಲೆ ಉರುಳುವ ಕಾಳು. ಇಳಿಯುವಾಗ ಹಿಮ್ಮಡಿ ಊರದೆ ಪಾದವನ್ನು ಅಡ್ಡಲಾಗಿಟ್ಟು, ಓರೆಯಾಗಿ ಅಂಕುಡೊಂಕಾಗಿ ಇಳಿಯಿರಿ.

ಹಿಂದೆ ಊರಿದ್ದ ಜಾಗಗಳನ್ನು ದಾಟುವಾಗ ಕಣ್ಣು ನೆಲದ ಮೇಲಿರಲಿ. ಮನೆಯ ತಳಪಾಯ, ಕಲ್ಲಿನ ಮೆಟ್ಟಿಲು, ಸಾಲಾಗಿ ನಿಂತ ಮರದ ಬೊಡ್ಡೆ ಕಂಡಿತೆಂದರೆ ಹತ್ತಿರದಲ್ಲಿ ಬಾವಿಯೂ ಇದ್ದೀತು, ಕಟ್ಟೆ ಇಲ್ಲದೆ, ಅರ್ಧ ಹೂಳು ತುಂಬಿ. ಇನ್ನೊಂದು ಮಾತು. ಆ ಕಲ್ಲುಗಳು ಯಾರದ್ದೋ ಮನೆ, ಯಾರದ್ದೋ ದೇವರು. ಆ ನೆಲ ಬಿಟ್ಟು ಎದ್ದು ಹೋದ ಕುಟುಂಬಗಳಲ್ಲಿ ಎಷ್ಟೋ ಮಂದಿ ಇಂದಿಗೂ ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಓಡಾಡುತ್ತಿದ್ದಾರೆ. ಒಂದು ಕಲ್ಲನ್ನೂ ಕದಲಿಸಬೇಡಿ, ನೆನಪಿಗೆಂದು ಒಂದು ಹೆಂಚಿನ ಚೂರನ್ನೂ ತರಬೇಡಿ.

ಈಜು ಬೇಡವೇ ಬೇಡ. ಹಳೆಯ ಗದ್ದೆಯ ಅಂಚು, ರಸ್ತೆಯ ಧರೆ ನೀರೊಳಗೆ ಹಾಗೇ ಇವೆ. ಮೊಣಕಾಲುದ್ದದಿಂದ ಒಂದೇ ಹೆಜ್ಜೆಗೆ ತಲೆಯುದ್ದಕ್ಕೆ ಇಳಿಯುತ್ತದೆ. ಕೊಳೆಯದೆ ನಿಂತ ಬೊಡ್ಡೆಗಳು, ಮೀನಿನ ಬಲೆಗಳು ಮೇಲಿನಿಂದ ಕಾಣುವುದಿಲ್ಲ. ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಹಾಕಿಕೊಂಡು, ಬೆಳಗಿನ ಹೊತ್ತು. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಈ ನೀರಿನಲ್ಲೂ ಅಲೆ ಏಳುತ್ತದೆ.

ಊರವರನ್ನು ಕೇಳುವುದು

‘ದಾರಿ ಇದೆಯಾ?’ ಎಂದು ಕೇಳಬೇಡಿ. ಅವರು ಹುಟ್ಟಿದಾಗಿನಿಂದ ಓಡಾಡಿದ ಜಾಗ, ‘ಇದೆ, ಹೋಗಿ’ ಎಂದುಬಿಡುತ್ತಾರೆ. ಉತ್ತರ ಒಂದೇ ಒಂದು ಬರುವಂಥ ಪ್ರಶ್ನೆ ಕೇಳಿ. ‘ಅಣ್ಣಾ, ಈ ವಾರ ದನ ಎಲ್ಲಿವರೆಗೆ ಮೇಯಕ್ಕೆ ಹೋಗ್ತಾವೆ?’ ‘ಅಮ್ಮಾ, ಹಳ್ಳ ಎಲ್ಲಿ ದಾಟ್ತೀರಿ ನೀವು?’ ‘ಕಾಟಿ ಎಷ್ಟೊತ್ತಿಗೆ ನೀರಿಗಿಳಿತಾವೆ?’ ಕಾಟಿಗಳು, ಅಂದರೆ ಕಾಡುಕೋಣಗಳು, ಸಾಮಾನ್ಯವಾಗಿ ಹೊತ್ತು ಮುಳುಗುವಾಗ, ಬೆಳಗಾಗುವಾಗ ಬರುತ್ತವೆ. ಐದು ಗಂಟೆಯ ನಂತರ ದಡದಲ್ಲಿ ಇರದಂತೆ ನೋಡಿಕೊಂಡರೆ ಮುಖಾಮುಖಿ ತಪ್ಪುತ್ತದೆ. ‘ಈಚೆಗೆ ಮಂಗ ಸತ್ತಿದ್ದು ಕೇಳಿದೀರಾ?’ ಎಂಬುದನ್ನಂತೂ ಮರೆಯದೆ ಕೇಳಿ, ಯಾಕೆಂದು ಮುಂದೆ ಹೇಳುತ್ತೇವೆ.

ತೋಟ, ಬ್ಯಾಣ (ಹುಲ್ಲುಗಾವಲು) ದಾಟುವಾಗ ಉಣುಗೋಲು, ಅಂದರೆ ಬೇಲಿಬಾಗಿಲಿನ ಅಡ್ಡಗಳು, ಸರಿಸಿದರೆ ಮತ್ತೆ ಹಾಕಿ ಹೋಗಿ. ತೆರೆದು ಬಿಟ್ಟ ಒಂದು ಉಣುಗೋಲಿನಿಂದ ದನ ನುಗ್ಗಿ ಒಂದು ರಾತ್ರಿಯಲ್ಲಿ ಎಳೆಯ ಅಡಿಕೆ ಸಸಿ ಹಾಳಾಗುತ್ತದೆ. ಕರೆಂಟು ಹರಿಸಿದ ಐಬೆಕ್ಸ್ ಬೇಲಿಯನ್ನು ಮುಟ್ಟಬೇಡಿ, ಕೆಳಗೆ ನುಸುಳಬೇಡಿ. ಹಂದಿಗೆಂದು ಬೇರೆ ತಂತಿ ಎಳೆದಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಬಾಟಲಿಯ ವಿಷಯದಲ್ಲಿ ನಾವು ಕಟ್ಟುನಿಟ್ಟು. ಗಾಜಿನದ್ದನ್ನು ತರಲೇಬಾರದು. ದಡದಲ್ಲಿ ಒಡೆದ ಗಾಜು ಮಳೆಗಾಲದಲ್ಲಿ ಹೂಳಿನೊಳಗೆ ಹೋಗಿ, ಮುಂದಿನ ಬೇಸಿಗೆಯಲ್ಲಿ ಬರಿಗಾಲಿನ ಮೀನುಗಾರನ ಪಾದಕ್ಕೋ ಎಮ್ಮೆಯ ಗೊರಸಿಗೋ ಸಿಗುತ್ತದೆ.

ಹೊರೆ

ಹಗುರವಾಗಿರಲಿ. ಕಣಕಾಲು ಮುಚ್ಚುವ, ದಾರ ಕಟ್ಟುವ ಶೂ. ಚಪ್ಪಲಿ, ಸ್ಯಾಂಡಲ್ ಹೂಳಿನಲ್ಲಿ ಉಳಿದುಹೋಗುತ್ತವೆ. ಆರು ಗಂಟೆಯ ನಡಿಗೆಗೆ ತಲೆಗೆ ಮೂರು ಲೀಟರ್ ನೀರು. ಹಿನ್ನೀರನ್ನು ಹಾಗೇ ಕುಡಿಯಬೇಡಿ, ಬಟ್ಟೆಯಲ್ಲಿ ಸೋಸಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಬೇಕು. ಬೆವರು ಹೋದ ಮೇಲೆ ಬರೀ ನೀರು ಸಾಲದು. ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮನಾದ ಅಳತೆ, ಒಂದು ಬಾಟಲಿಯಲ್ಲಿ ಕಲಸಿಟ್ಟುಕೊಳ್ಳಿ. ಒಣ ಮುರುಗಲು ಸಿಪ್ಪೆ ನೆನೆಸಿದ ನೀರಿನಲ್ಲಿ ಕಲಸಿದರೆ ಕುಡಿಯಲೂ ಹಿತ. ಬುತ್ತಿಗೆ ತೆಂಗಿನತುರಿ ಹಾಕಿದ ಚಿತ್ರಾನ್ನ ಬಿಸಿಲಿಗೆ ಹಳಸುತ್ತದೆ. ತುರಿ ಇಲ್ಲದ ನಿಂಬೆ ಚಿತ್ರಾನ್ನ, ಚಪಾತಿ, ಬೆಲ್ಲ, ಬಾಳೆಹಣ್ಣು ಸಾಕು. ಟೋಪಿ, ಸೀಟಿ, ಟಾರ್ಚ್, ಪವರ್ ಬ್ಯಾಂಕ್, ಸಣ್ಣ ಮೊನೆಯ ಚಿಮಟ.

ಉಂಬಳ, ಉಣುಗು

ಉಂಬಳ ಕಿರಿಕಿರಿ ಅಷ್ಟೆ, ಕಾಯಿಲೆಯಲ್ಲ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲದ ಹೊರಗೆ ಹೊಗೆಸೊಪ್ಪಿನ ಪುಡಿ ಅಥವಾ ಸುಣ್ಣ ಸವರಿ. ಒದ್ದೆಯಾದರೆ ಮತ್ತೆ ಸವರಬೇಕು. ಕಚ್ಚಿದ ಉಂಬಳದ ಬಾಯಿಯ ಬದಿಗೆ ಉಗುರು ಕೊಟ್ಟು ಸರಿಸಿದರೆ ಬಿಡುತ್ತದೆ. ಗಾಯವನ್ನು ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಸೋರುವುದು ಸಹಜ.

ಉಣುಗಿನ (ಉಣ್ಣೆ) ವಿಷಯ ಹಾಗಲ್ಲ, ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಆ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನೇ ತೆಗೆದುಕೊಂಡಿತು. ಆ ಊರು ಈ ಹಿನ್ನೀರಿನ ಸೀಮೆಯದ್ದೇ. ಕಾಯಿಲೆಯ ಕಾಲ ನವೆಂಬರ್ ಕೊನೆಯಿಂದ ಮೇವರೆಗೆ, ಅಂದರೆ ನಡೆಯಲು ಒಳ್ಳೆಯದು ಎಂದು ಮೇಲೆ ಹೇಳಿದ ಕಾಲವೇ. ಮರಿ ಉಣುಗು ಕಣ್ಣಿಗೆ ಬೀಳದಷ್ಟು ಸಣ್ಣದು, ಕಚ್ಚಿದ್ದೂ ತಿಳಿಯುವುದಿಲ್ಲ.

ಹೊರಡುವ ಮೊದಲು ಕೈ, ಕಾಲು, ಕುತ್ತಿಗೆಗೆ ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚಿಕೊಳ್ಳಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಇದನ್ನು ಹಂಚುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತುಂಬುತೋಳಿನ ತಿಳಿಬಣ್ಣದ ಬಟ್ಟೆ ಹಾಕಿ, ಹರಿಯುವ ಉಣುಗು ಕಾಣಲಿ. ದರಗಿನ (ಒಣ ಎಲೆ) ಮೇಲೆ ಕೂರಬೇಡಿ, ಮಲಗಬೇಡಿ, ಊಟಕ್ಕೆ ಬಯಲಿನ ಕಲ್ಲೇ ಒಳ್ಳೆಯದು. ಸತ್ತ ಮಂಗ ಕಂಡರೆ ಹತ್ತಿರ ಹೋಗುವುದಿರಲಿ, ಕನಿಷ್ಠ 50 ಮೀಟರ್ ದೂರದಿಂದಲೇ ಸುತ್ತಿ ಹೋಗಿ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳೆಲ್ಲ ಕೆಳಗಿಳಿದು ಅಲ್ಲೇ ಹರಡಿರುತ್ತವೆ. ಜಾಗ ಗುರುತು ಮಾಡಿಕೊಂಡು ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ಆ ದಿನವೇ ತಿಳಿಸಿ. ನಿಮ್ಮ ಒಂದು ಫೋನ್ ಕರೆಯಿಂದ ಊರಿಗೆ ಮುನ್ನೆಚ್ಚರಿಕೆ ಸಿಗುತ್ತದೆ. ಊರವರೇ ಮಂಗ ಸತ್ತಿದೆ ಎಂದರೆ ಅತ್ತ ಕಡೆಯ ನಡಿಗೆಯನ್ನು ಆ ವರ್ಷಕ್ಕೆ ಬಿಡಿ.

ಮನೆಗೆ ಅಥವಾ ಉಳಿದುಕೊಂಡ ಕಡೆ ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ, ಕೂದಲ ಬುಡ ಒಂದೊಂದಾಗಿ ನೋಡಿಕೊಳ್ಳಿ. ಮಕ್ಕಳದ್ದನ್ನು ದೊಡ್ಡವರು ನೋಡಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ತಿರುಚದೆ ನೇರ ಎಳೆಯಿರಿ. ಬೆರಳಿನಲ್ಲಿ ಹಿಚುಕಬೇಡಿ, ಸೀಮೆಎಣ್ಣೆ ಹಾಕಬೇಡಿ, ಬೆಂಕಿ ತಾಗಿಸಬೇಡಿ. ಕಚ್ಚಿದ 3ರಿಂದ 8 ದಿನಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದು ರೂಢಿ. ನಡೆದು ಬಂದ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಮತ್ತು ಮೀನಖಂಡದ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾವ ತಾರೀಕು, ಯಾವ ಊರಿನ ಕಾಡಿನಲ್ಲಿ ಓಡಾಡಿದ್ದಿರಿ ಎಂದು ವೈದ್ಯರು ಕೇಳುವ ಮೊದಲೇ ಹೇಳಿ. ಬೆಂಗಳೂರು, ಮೈಸೂರು ಕಡೆಯ ವೈದ್ಯರಿಗೆ ಈ ಕಾಯಿಲೆ ಥಟ್ಟನೆ ನೆನಪಿಗೆ ಬಾರದೆ ಇರಬಹುದು. ‘ಮಂಗನ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಬೇಕಾ?’ ಎಂದು ನೀವೇ ಬಾಯಿಬಿಟ್ಟು ಕೇಳಿ.